ಬಸವನಗುಡಿಯಲ್ಲಿ ಒಂದು ಕೋಣೆಯ ಮನೆ: ಬಾಡಿಗೆಗಿಂತ ಮುಂಗಡವೇ ಭಾರ

ಬೆಂಗಳೂರು: 1898ರ ಪ್ಲೇಗ್ ಮಾರಿಗೆ ಬೆದರಿದ ಪೇಟೆಯ ಜನರಿಗೆ ಗಾಳಿ-ಬೆಳಕಿನ ಬಡಾವಣೆಯಾಗಿ ಒದಗಿದ್ದು ಬಸವನಗುಡಿ. ಇಂದು ಅಲ್ಲಿ ಒಂದು ಮಲಗುವ ಕೋಣೆಯ ಮನೆ ಹುಡುಕುವವರನ್ನು ಬಾಡಿಗೆಗಿಂತಲೂ ಮುಂಗಡವೇ ಕಾಡುತ್ತದೆ.

10 ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ನಗರದ ಹಳೆಯ ರೂಢಿ, ಕಾನೂನಲ್ಲ. ತಿಂಗಳಿಗೆ 20 ಸಾವಿರವೆಂದರೆ 2 ಲಕ್ಷ ರೂಪಾಯಿ, ಅದೂ ಬಡ್ಡಿಯಿಲ್ಲದೆ! ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ 2 ತಿಂಗಳ ಮಿತಿ ಸೂಚಿಸಿದೆಯಾದರೂ, ರಾಜ್ಯವು ಶಾಸನ ಮಾಡದ ಹೊರತು ಅದು ಯಾರನ್ನೂ ಕಟ್ಟಿಹಾಕದು.

ಒಂದು ವರ್ಷ ಮೀರಿದ ಕರಾರಿಗೆ 1908ರ ಕಾಯ್ದೆಯಂತೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರಿನ ಗುಟ್ಟು ಇದೇ.

ಜಗಳ ಹುಟ್ಟುವುದು ಮನೆ ತೆರವು ಮಾಡುವ ದಿನ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ವಾಡಿಕೆ. ಎಷ್ಟು ಮುರಿಯಬಹುದು, ಉಳಿದದ್ದು ಎಷ್ಟು ದಿನದೊಳಗೆ ಮರಳಬೇಕು ಎಂಬುದನ್ನು ಕೀಲಿಕೈ ಪಡೆಯುವ ಮುನ್ನವೇ ಕರಾರಿನಲ್ಲಿ ಬರೆಸಿಕೊಳ್ಳುವುದು ಲೇಸು.