ಹಾಡುವವರ ಗಂಟಲು, ಹೊಟ್ಟೆಯ ಹುಳಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಗಾಯನವೃಂದಗಳಲ್ಲಿ ಹಗಲಿಡೀ ಹೊಲದಲ್ಲಿ ದುಡಿದು ಬರುವವರು ಅನೇಕರು. ಅಭ್ಯಾಸ ಶುರುವಾಗುವುದೇ ಕತ್ತಲಾದ ಮೇಲೆ. ಆಮೇಲೆ ಮನೆಯಲ್ಲಿ ಮುದ್ದೆ, ಖಾರದ ಸಾರು ಹೊಟ್ಟೆತುಂಬ ಉಂಡು ಮಲಗಿದರೆ ಬೆಳಗಿನ ಪೂಜೆಗೆ ದನಿ ಏಳುವುದಿಲ್ಲ. ಶೀತವೆಂದು ಕಷಾಯ ಕುಡಿಯುತ್ತೇವೆ. ಕಾರಣ ಎಷ್ಟೋ ಸಲ ಹೊಟ್ಟೆಯಲ್ಲಿರುತ್ತದೆ.

ಎದೆ ಮತ್ತು ಹೊಟ್ಟೆಯ ನಡುವಿನ ವಪೆಯಲ್ಲಿರುವ ರಂಧ್ರದ ಮೂಲಕ ಅನ್ನನಾಳ ಕೆಳಗಿಳಿಯುತ್ತದೆ. ಅಲ್ಲಿನ ಸ್ನಾಯುವಿನ ಬಿಗಿ ಸಡಿಲವಾದರೆ ಜಠರದ ಆಮ್ಲ ಮೇಲೇರುತ್ತದೆ. ರಂಧ್ರ ಅಗಲವಾಗಿ ಜಠರದ ಮೇಲ್ತುದಿಯೇ ಎದೆಗೂಡಿಗೆ ನುಸುಳಿದರೆ ಅದು ಹಯೇಟಲ್ ಹರ್ನಿಯಾ. ಐವತ್ತು ದಾಟಿದವರಲ್ಲಿ ಇದು ಸಾಮಾನ್ಯ. ಅನೇಕರಿಗೆ ಇರುವುದೇ ತಿಳಿಯುವುದಿಲ್ಲ. ಹಾಡುವವರ ಪಾಡು ಬೇರೆ. ಉಸಿರನ್ನು ಹಿಡಿದು ಬಿಡಲು ಅವರು ಬಳಸುವುದು ಇದೇ ವಪೆಯನ್ನು, ಹೊಟ್ಟೆಯ ಸ್ನಾಯುಗಳನ್ನು. ತುಂಬಿದ ಹೊಟ್ಟೆಯನ್ನು ಒತ್ತಿದರೆ ಹುಳಿ ಮೇಲಕ್ಕೇ ಬರಬೇಕು. ಧ್ವನಿತಂತುಗಳಿಗೆ ಅದನ್ನು ತಾಳುವ ಶಕ್ತಿ ಕಡಿಮೆ. ಎದೆಯುರಿ ಇಲ್ಲದೆಯೂ ಬೆಳಗ್ಗೆ ದನಿ ಒಡೆಯುವುದು, ಪದೇ ಪದೇ ಗಂಟಲು ಸರಿಮಾಡಿಕೊಳ್ಳುವುದು ಇದರ ಗುರುತು.

ಕರಾವಳಿಯ ಗಂಜಿಯೂ ತಪ್ಪಲ್ಲ, ಅವರ ಮುದ್ದೆಯೂ ತಪ್ಪಲ್ಲ. ಉಣ್ಣುವ ಹೊತ್ತು ತಪ್ಪು. ಮಲಗುವುದಕ್ಕೆ ಮೂರು ಗಂಟೆ ಮೊದಲು ಊಟ ಮುಗಿಯಲಿ. ಅಭ್ಯಾಸದ ದಿನ ಸಂಜೆಯೇ ಸ್ವಲ್ಪ ಉಂಡು ಹೋಗಿ, ಬಂದ ಮೇಲೆ ಬರೀ ನೀರು ಸಾಕು. ಮಂಚದ ತಲೆಭಾಗದ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟರೆ ಸುಮಾರು 15 ಸೆಂ.ಮೀ. ಎತ್ತರ ಸಿಗುತ್ತದೆ. ದಿಂಬಿನ ಮೇಲೆ ದಿಂಬು ಹಾಕಿದರೆ ಹೊಟ್ಟೆ ಮಡಿಚಿಕೊಂಡು ಒತ್ತಡ ಹೆಚ್ಚುತ್ತದೆ. ಎಡಮಗ್ಗುಲಲ್ಲಿ ಮಲಗುವುದು ಒಳ್ಳೆಯದು. ಸೊಂಟದ ಬೆಲ್ಟು ಬಿಗಿಯಬೇಡಿ. ತೇಗು ಬರಲೆಂದು ಸೋಡಾ ಕುಡಿಯುವುದು, ಗಂಟಲಿಗೆಂದು ಪೆಪ್ಪರ್‌ಮಿಂಟ್ ಚೀಪುವುದು ಎರಡೂ ಈ ತೊಂದರೆಗೆ ಆಗಿಬರುವುದಿಲ್ಲ. ಪೆಪ್ಪರ್‌ಮಿಂಟ್ ಆ ಸ್ನಾಯುವನ್ನು ಇನ್ನಷ್ಟು ಸಡಿಲಿಸುತ್ತದೆ. ಹುಣಸೂರು, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ಬೆಳೆ ಬದುಕಿಗೆ ಬೇಕು ಎನ್ನುವುದು ಬೇರೆ ಮಾತು, ಹಾಡುವವರು ಸೇದಬಾರದು.

ವೈದ್ಯರು ಆಮ್ಲ ತಗ್ಗಿಸುವ ಮಾತ್ರೆ ಬರೆದರೆ ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಮೆಡಿಕಲ್ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವುದು ಸರಿಯಲ್ಲ. ಮಾತ್ರೆಯಿಂದ ಹರ್ನಿಯಾ ಒಳಸರಿಯುವುದಿಲ್ಲ, ಉರಿ ಮಾತ್ರ ತಗ್ಗುತ್ತದೆ. ದೊಡ್ಡ ಹರ್ನಿಯಾ ಇದ್ದು ತೊಂದರೆ ಕೊಟ್ಟರೆ ಶಸ್ತ್ರಚಿಕಿತ್ಸೆ ಬೇಕಾದೀತು. ನುಂಗಲು ಕಷ್ಟ, ತೂಕ ಇಳಿಕೆ, ರಕ್ತವಾಂತಿ, ಕಪ್ಪು ಮಲ ಕಂಡರೆ ತಡಮಾಡಬೇಡಿ. ದನಿ ನಾಲ್ಕು ವಾರ ಒಡೆದೇ ಇದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತಪಾಸಣೆ, ತರಬೇತಿ ಎರಡೂ ಇವೆ.

ಜೂನ್ 13ರ ಡೋರ್ನಹಳ್ಳಿ ಸಂತ ಅಂತೋಣಿಯವರ ಹಬ್ಬಕ್ಕೆ ಹಾಡಲು ಹೋಗುವವರು ಪೂಜೆಗೆ ಎರಡು ಗಂಟೆ ಮೊದಲೇ ತಿಂಡಿ ಮುಗಿಸಿಕೊಳ್ಳುವುದು ಒಳ್ಳೆಯದು.