ಜೋಡೆತ್ತಿನಲ್ಲಿ ಎರಡನೆಯ ಎತ್ತು

ಅಮೆರಿಕದ ಅಧ್ಯಕ್ಷ ಚುನಾವಣೆ ಬಂತು ಅಂದ್ರೆ ನಮ್ಮ ಮೆಸ್ಸಿನಲ್ಲೂ ಚರ್ಚೆ ತಪ್ಪಿದ್ದಲ್ಲ. ಅಕ್ಕನೋ ಭಾವನೋ ಚಿಕ್ಕಪ್ಪನೋ ಅಲ್ಲಿ ಇದ್ದೇ ಇರ್ತಾರೆ, ಅವರ ವೀಸಾ ಚಿಂತೆ ನಮ್ಮ ಎಂ.ಎಸ್. ಕನಸಿಗೂ ಅಂಟಿಕೊಂಡಿರುತ್ತೆ. ಆದರೆ 2024ರಲ್ಲಿ ನಮಗೆ ವಿಚಿತ್ರ ಅನ್ನಿಸಿದ್ದು ಬೇರೆಯದೇ ವಿಷಯ. ಜುಲೈ 15ರಂದು ಟ್ರಂಪ್ ತಮ್ಮ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲೋದು ಜೆ.ಡಿ. ವ್ಯಾನ್ಸ್ ಅಂದರು. ಆಗಸ್ಟ್ 6ರಂದು ಕಮಲಾ ಹ್ಯಾರಿಸ್ ಟಿಮ್ ವಾಲ್ಜ್ ಹೆಸರು ಹೇಳಿದರು. ಅಷ್ಟೂ ದಿನ ಅಲ್ಲಿನ ಮತದಾರರು ಕಿತ್ತಾಡಿದ್ದು ಎರಡನೇ ಕುರ್ಚಿಗಾಗಿ. ಪೆನ್ಸಿಲ್ವೇನಿಯಾದ 19 ಮತ ಬೇಕೇ ಬೇಕು ಅನ್ನೋವಾಗ ಅಲ್ಲಿನ ಗವರ್ನರ್ ಶಪಿರೊ ಅವರನ್ನ ಯಾಕೆ ಬಿಟ್ಟರು? ವ್ಯಾನ್ಸ್‌ಗೆ ಸೆನೆಟ್‌ನಲ್ಲಿ ಎರಡು ವರ್ಷವೂ ಆಗಿಲ್ಲವಲ್ಲ, ನಾಳೆ ಇವರ ಕೈಗೇ ದೇಶ ಬಂದರೆ?

ಇದನ್ನ ನೋಡಿ ನಮ್ಮ ಸಂಘದಲ್ಲಿರೋ ಸಿದ್ದಾಪುರ ಕಡೆಯವರು (ಕೊಡಗಿನ ಸಿದ್ದಾಪುರ, ಉತ್ತರ ಕನ್ನಡದ್ದಲ್ಲ) ಒಂದು ಪ್ರಶ್ನೆ ಎತ್ತಿದರು. ನಮ್ಮೂರಲ್ಲಿ ಓಟು ಹಾಕೋ ಮೊದಲು "ಉಪ" ಯಾರು ಅಂತ ಯಾರಾದ್ರೂ ಚರ್ಚೆ ಮಾಡಿದ್ದುಂಟಾ? ಮಾಡೋಣ ಅಂದ್ರೆ ದಾರಿಯಾದ್ರೂ ಇದೆಯಾ?

ಮೊದಲು ಅಲ್ಲಿನ ಲೆಕ್ಕ ತಿಳಿದುಕೊಳ್ಳೋಣ. ಅಲ್ಲಿ ಇಬ್ಬರೂ ಒಂದೇ ಚೀಟಿಯಲ್ಲಿ ಬರ್ತಾರೆ. ಒಬ್ಬರು ಬೇಕು, ಇನ್ನೊಬ್ಬರು ಬೇಡ ಅನ್ನೋ ಹಾಗಿಲ್ಲ. ಮಂಡ್ಯದ 2019ರ ಚುನಾವಣೆ ನೆನಪಿದ್ದವರಿಗೆ ಜೋಡೆತ್ತು ಅನ್ನೋ ಮಾತು ನೆನಪಿರುತ್ತೆ. ರನ್ನಿಂಗ್ ಮೇಟ್ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಕನ್ನಡ ನಮಗಂತೂ ಸಿಕ್ಕಿಲ್ಲ. ಆದರೆ ಈ ಜೋಡಿ ಮೊದಲಿನಿಂದ ಇರಲಿಲ್ಲ. ಹೆಚ್ಚು ಮತ ಬಂದವರು ಅಧ್ಯಕ್ಷ, ಎರಡನೆಯವರು ಉಪಾಧ್ಯಕ್ಷ ಅನ್ನೋದು ಹಳೇ ನಿಯಮ. ಅದರ ಫಲವಾಗಿ 1796ರಲ್ಲಿ ಜಾನ್ ಆಡಮ್ಸ್ ಗೆದ್ದರೆ, ಅವರ ವಿರುದ್ಧ ಸೋತ ಜೆಫರ್ಸನ್ ಉಪಾಧ್ಯಕ್ಷರಾಗಿ ಪಕ್ಕದಲ್ಲೇ ಕೂತರು. ಮುಂದಿನ ಸಲ, 1800ರಲ್ಲಿ, ಜೆಫರ್ಸನ್‌ಗೂ ಅವರದೇ ಪಕ್ಷದ ಆರನ್ ಬರ್‌ಗೂ 73-73 ಸಮ ಬಂತು. ಇಬ್ಬರಲ್ಲಿ ಯಾರು ಅಧ್ಯಕ್ಷ ಅಂತ ತೀರ್ಮಾನಿಸೋಕೆ ಕೆಳಮನೆ 36 ಸಲ ಮತ ಹಾಕಬೇಕಾಯ್ತು. 1804ರ 12ನೇ ತಿದ್ದುಪಡಿ ಬಂದ ಮೇಲೆ ಎರಡೂ ಹುದ್ದೆಗೆ ಬೇರೆ ಬೇರೆ ಮತ. ಪಕ್ಷಗಳು ಜೋಡಿ ಕಟ್ಟಿ ನಿಲ್ಲಿಸೋದು ಗಟ್ಟಿಯಾಗಿದ್ದು ಆಮೇಲೆ.

ಜೋಡಿ ಕಟ್ಟೋವಾಗ ಪಕ್ಷದವರು ನೋಡೋದು ಓಟು. ಆ ರಾಜ್ಯದವರು, ಈ ಸಮುದಾಯದವರು, ವಯಸ್ಸಾದವರಿಗೆ ಒಬ್ಬ ಹುಡುಗ, ಹುಡುಗನಿಗೆ ಒಬ್ಬ ಹಿರಿಯ. ಆ ಲೆಕ್ಕ ಎಷ್ಟೋ ಸಲ ಕೈಕೊಡುತ್ತೆ. 2004ರಲ್ಲಿ ಜಾನ್ ಎಡ್ವರ್ಡ್ಸ್ ಜೊತೆಗಿದ್ದರೂ ಅವರ ನಾರ್ತ್ ಕೆರೊಲಿನಾ ಕೈಗೆ ಬರಲಿಲ್ಲ, 2012ರಲ್ಲಿ ಪಾಲ್ ರಯಾನ್ ಇದ್ದರೂ ವಿಸ್ಕಾನ್ಸಿನ್ ಬರಲಿಲ್ಲ. 1960ರಲ್ಲಿ ಕೆನಡಿಗೆ ಜಾನ್ಸನ್‌ರಿಂದ ಟೆಕ್ಸಾಸ್ ಸಿಕ್ಕಿತು ಅಂತ ಇವತ್ತಿಗೂ ಹೇಳ್ತಾರೆ. ಆ ಒಂದು ಕಥೆ ಹಿಡ್ಕೊಂಡು ಇನ್ನೂ ಎಷ್ಟು ಚುನಾವಣೆ ನಡೆಸ್ತಾರೋ!

ಮತದಾರರಿಗೆ ಮಾತ್ರ ಬೇರೆ ಪ್ರಶ್ನೆ ಮುಖ್ಯ. ಇಲ್ಲಿಯವರೆಗೆ ಅಮೆರಿಕದ ಅಧ್ಯಕ್ಷರಾದ 45 ಜನರಲ್ಲಿ 9 ಜನ ಉಪಾಧ್ಯಕ್ಷರಾಗಿದ್ದು, ಮಧ್ಯದಲ್ಲೇ ಆ ಕುರ್ಚಿಗೆ ಏರಿದವರು. ಎಂಟು ಸಲ ಸಾವಿನಿಂದ, ಒಂದು ಸಲ ನಿಕ್ಸನ್ ರಾಜೀನಾಮೆಯಿಂದ. ಐದಕ್ಕೆ ಒಂದು ಅಂದುಕೊಳ್ಳಿ. ಐದಕ್ಕೆ ಒಂದು ಸಲ ಫೇಲಾಗೋ ಮಶೀನಿಗೆ ಸ್ಟ್ಯಾಂಡ್‌ಬೈ ಇಡದೆ ನಮ್ಮ ಯಾವ ಲ್ಯಾಬ್ ಮೇಷ್ಟ್ರೂ ಸಹಿ ಹಾಕೋದಿಲ್ಲ. 1944ರಲ್ಲಿ ರೂಸ್‌ವೆಲ್ಟ್ ಜೊತೆಗೆ ಹಳೇ ಉಪಾಧ್ಯಕ್ಷ ವ್ಯಾಲೆಸ್ ಅವರನ್ನ ಬಿಟ್ಟು ಹ್ಯಾರಿ ಟ್ರೂಮನ್ ಅವರನ್ನ ನಿಲ್ಲಿಸಿದರು. ರೂಸ್‌ವೆಲ್ಟ್ ಆಗಲೇ ಕಾಯಿಲೆಯಲ್ಲಿದ್ದರು. ಟ್ರೂಮನ್ ಉಪಾಧ್ಯಕ್ಷರಾಗಿದ್ದಿದ್ದು 82 ದಿನ. 1945ರ ಏಪ್ರಿಲ್ 12ರಂದು ಅಧ್ಯಕ್ಷರಾದ ಮೇಲಷ್ಟೇ ಅವರಿಗೆ ಅಣುಬಾಂಬಿನ ಯೋಜನೆಯ ವಿವರ ಗೊತ್ತಾಗಿದ್ದು. ಆಗಸ್ಟಿನಲ್ಲಿ ಹಿರೋಷಿಮಾ.

ಅದಕ್ಕೇ 1972ರ ಈಗಲ್ಟನ್ ಪ್ರಕರಣದಲ್ಲಿ ಅಷ್ಟು ಗದ್ದಲವಾಗಿದ್ದು. ಮೆಕ್‌ಗವರ್ನ್ ಆರಿಸಿದ ಈಗಲ್ಟನ್ ಖಿನ್ನತೆಗೆ ಆಸ್ಪತ್ರೆ ಸೇರಿ ವಿದ್ಯುತ್ ಶಾಕ್ ಚಿಕಿತ್ಸೆ ಪಡೆದಿದ್ದರು ಅನ್ನೋದು ಹೊರಬಂತು, 18 ದಿನಕ್ಕೆ ಅವರು ಹಿಂದೆ ಸರಿಯಬೇಕಾಯ್ತು. ಖಿನ್ನತೆಯನ್ನ ಒಂದು ಕಳಂಕದ ಹಾಗೆ ನೋಡಿದ್ದು ಅನ್ಯಾಯ ಅಂತಲೇ ನಮಗನ್ನಿಸುತ್ತೆ. ಆದರೆ ಮತದಾರರ ಇನ್ನೊಂದು ಪ್ರಶ್ನೆ ತಪ್ಪಾಗಿರಲಿಲ್ಲ: ಇಷ್ಟು ದೊಡ್ಡ ಆಯ್ಕೆಯನ್ನ ಇಷ್ಟು ಅವಸರದಲ್ಲಿ ಮಾಡಿದವರು ನಾಳೆ ಉಳಿದಿದ್ದನ್ನ ಹೇಗೆ ಮಾಡ್ತಾರೆ? ಉಪಾಧ್ಯಕ್ಷರ ಆಯ್ಕೆ ಅಂದ್ರೆ ಅಭ್ಯರ್ಥಿ ಓಟಿಗೆ ಮೊದಲೇ ಎಲ್ಲರೆದುರು ತೆಗೆದುಕೊಳ್ಳೋ ಮೊದಲ ದೊಡ್ಡ ತೀರ್ಮಾನ. ನಾವು ವೈವಾಗೆ ಕೂರೋ ಹಾಗೆ.

ಈಗ ಸಿದ್ದಾಪುರಕ್ಕೆ ಬನ್ನಿ. ವಿರಾಜಪೇಟೆ ತಾಲ್ಲೂಕಿನ ಊರು. ಸೇತುವೆ ದಾಟಿದರೆ ನೆಲ್ಯಹುದಿಕೇರಿ, ಮಧ್ಯೆ ಕಾವೇರಿ. ಸುತ್ತ ಕಾಫಿ ತೋಟ, ಲೈನ್ ಮನೆ, ಆನೆ. ಅಂಗಡಿ ಬೀದಿಯಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ಕೊಡವ ತಕ್ಕ್, ಮಲಯಾಳಂ, ತಮಿಳು, ತುಳು ಎಲ್ಲಾ ಕಿವಿಗೆ ಬೀಳ್ತವೆ. ಇಂಥ ಊರಲ್ಲಿ ಪಂಚಾಯಿತಿ ಅಧ್ಯಕ್ಷರ ಪಕ್ಕದಲ್ಲಿ ಯಾರು ಕೂರ್ತಾರೆ ಅನ್ನೋದು ಸಣ್ಣ ವಿಷಯವಲ್ಲ. ಪೇಟೆಯವರು ಅಧ್ಯಕ್ಷರಾದರೆ ತೋಟದ ಲೈನ್ ಮನೆಯವರ ಮಾತು ಹೇಳೋರು ಯಾರು? 2019ರ ಆಗಸ್ಟಿನ ಪ್ರವಾಹದಲ್ಲಿ ಕರಡಿಗೋಡಿನ ಹೊಳೆ ದಡದ ಮನೆಗಳಿಗೆ ನೀರು ನುಗ್ಗಿತ್ತು, ಆ ದಡದವರ ಪರ ಕೂರೋರು ಯಾರು? ಜೋಡಿ ಅಂತ ಒಂದು ಬೇಕಾಗಿರೋದೇ ಇಂಥ ಕಡೆ.

ಆದರೆ ನಮ್ಮ ಪದ್ಧತಿಯಲ್ಲಿ ಮತದಾರ ಆರಿಸೋದು ತನ್ನ ವಾರ್ಡಿನ ಸದಸ್ಯರನ್ನ ಮಾತ್ರ, ಅದೂ ಪಕ್ಷದ ಚಿಹ್ನೆ ಇಲ್ಲದೆ. ಗೆದ್ದ ಸದಸ್ಯರು ಸೇರಿ ಅಧ್ಯಕ್ಷ, ಉಪಾಧ್ಯಕ್ಷರನ್ನ ಬೇರೆ ಬೇರೆಯಾಗಿ ಆರಿಸ್ತಾರೆ. ಎರಡೂ ಸ್ಥಾನಕ್ಕೆ ಸರದಿ ಮೀಸಲಾತಿ ಉಂಟು. ಕಳೆದ ಸಲ ಸದಸ್ಯರ ಚುನಾವಣೆ ನಡೆದಿದ್ದು 2020ರ ಡಿಸೆಂಬರಿನಲ್ಲಿ, ಯಾವ ಪಂಚಾಯಿತಿಯ ಯಾವ ಸ್ಥಾನ ಯಾವ ವರ್ಗಕ್ಕೆ ಅನ್ನೋ ಪಟ್ಟಿ ಬಂದಿದ್ದು 2021ರಲ್ಲಿ. 30 ತಿಂಗಳಿಗೆ ಅವಧಿ ಮುಗಿದು 2023ರಲ್ಲಿ ಮತ್ತೆ ಹೊಸ ಪಟ್ಟಿ, ಹೊಸ ಅಧ್ಯಕ್ಷ, ಹೊಸ ಉಪಾಧ್ಯಕ್ಷ. ಅಂದ್ರೆ ಡಿಸೆಂಬರಿನಲ್ಲಿ ಸರತಿಯಲ್ಲಿ ನಿಂತ ಮತದಾರರಿಗೆ ಉಪಾಧ್ಯಕ್ಷರ ಹೆಸರಿರಲಿ, ಆ ಕುರ್ಚಿ ಮಹಿಳೆಗೋ, ಪರಿಶಿಷ್ಟರಿಗೋ, ಸಾಮಾನ್ಯಕ್ಕೋ ಅನ್ನೋದೂ ಗೊತ್ತಿರಲಿಲ್ಲ. ಮೀಸಲಾತಿ ಬೇಡ ಅಂತ ನಾವು ಹೇಳ್ತಿಲ್ಲ. ಅದಿಲ್ಲದಿದ್ದರೆ ಲೈನ್ ಮನೆಯ ಹೆಣ್ಣುಮಗಳು ಆ ಕುರ್ಚಿಯ ಹತ್ತಿರ ಬರೋದೂ ಕಷ್ಟವಿತ್ತು. ಪಟ್ಟಿ ಮೊದಲೇ ಬಂದಿದ್ದರೆ ಊರವರು ಆ ಹೆಣ್ಣುಮಗಳ ಬಗ್ಗೆಯೇ ಮಾತಾಡಿ, ಪ್ರಶ್ನೆ ಕೇಳಿ ಓಟು ಹಾಕಬಹುದಿತ್ತು, ಅಷ್ಟೇ.

"ಉಪಾಧ್ಯಕ್ಷರಿಗೆ ಕೆಲಸ ಏನಿದೆ ಬಿಡ್ರೀ" ಅನ್ನೋರಿಗೆ ಸಿದ್ದಾಪುರದವರದೇ ವಿಧಾನಸಭಾ ಕ್ಷೇತ್ರದ ಉದಾಹರಣೆ ಕೊಡ್ತೀವಿ. 2008ರಲ್ಲಿ ವಿರಾಜಪೇಟೆಯಿಂದ ಗೆದ್ದ ಕೆ.ಜಿ. ಬೋಪಯ್ಯನವರು ವಿಧಾನಸಭೆಯ ಉಪ ಸಭಾಧ್ಯಕ್ಷರಾದರು. ಯಾರೂ ಅಷ್ಟು ಗಮನ ಕೊಡದ ಹುದ್ದೆ. 2009ರಲ್ಲಿ ಸಭಾಧ್ಯಕ್ಷ ಜಗದೀಶ್ ಶೆಟ್ಟರ್ ಮಂತ್ರಿಯಾಗೋಕೆ ಆ ಕುರ್ಚಿ ಬಿಟ್ಟರು, ಬೋಪಯ್ಯನವರು ಸಭಾಧ್ಯಕ್ಷರಾದರು. 2010ರ ಅಕ್ಟೋಬರಿನಲ್ಲಿ ಯಡಿಯೂರಪ್ಪ ಸರ್ಕಾರದ ವಿಶ್ವಾಸಮತಕ್ಕೆ ಮುಂಚೆ ಅವರು 11 ಜನ ಬಿಜೆಪಿ ಶಾಸಕರನ್ನೂ 5 ಜನ ಪಕ್ಷೇತರರನ್ನೂ ಅನರ್ಹಗೊಳಿಸಿದರು. ಸರ್ಕಾರ ಉಳಿಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನ ರದ್ದು ಮಾಡಿತು. ಅದು ಸರಿಯೋ ತಪ್ಪೋ ಅಂತ ಊರಲ್ಲಿ ಇವತ್ತಿಗೂ ಎರಡು ಗುಂಪು ಸಿಗಬಹುದು. ಆದರೆ ರಾಜ್ಯದ ಸರ್ಕಾರ ಉಳಿಯೋದು ಬೀಳೋದು ಒಬ್ಬರ ಸಹಿಯ ಮೇಲೆ ನಿಂತಾಗ, ಆ ಒಬ್ಬರು ಎರಡು ವರ್ಷದ ಹಿಂದೆ "ಉಪ" ಆಗಿದ್ದವರು.

ದೆಹಲಿಯಲ್ಲೂ ಒಬ್ಬ ಕನ್ನಡಿಗರಿಗೆ ಹೀಗೇ ಆಯ್ತು. ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ. ನಮ್ಮಲ್ಲಿ ಉಪರಾಷ್ಟ್ರಪತಿಯನ್ನ ಆರಿಸೋದು ಸಂಸದರು, ರಾಷ್ಟ್ರಪತಿಗೂ ಅವರಿಗೂ ಜೋಡಿ ಅಂತಿಲ್ಲ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ತುರ್ತು ಪರಿಸ್ಥಿತಿ ಇನ್ನೂ ಮುಗಿದಿರಲಿಲ್ಲ, ಚುನಾವಣೆ ಎದುರಿಗಿತ್ತು. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿ ಅವರಿಗೆ ಪ್ರಮಾಣವಚನ ಬೋಧಿಸಿದ್ದು ಇವರೇ. ಮುಂದಿನ ತಿಂಗಳು ಕಾಂಗ್ರೆಸ್ ಆಳ್ವಿಕೆಯ 9 ವಿಧಾನಸಭೆಗಳನ್ನ ವಿಸರ್ಜಿಸಿ ಅಂತ ಹೊಸ ಸಂಪುಟ ಸಲಹೆ ಕೊಟ್ಟಾಗ ಅವರು ತಕ್ಷಣ ಸಹಿ ಹಾಕಲಿಲ್ಲ. ದೇಶವೆಲ್ಲ ಅವರ ಪೆನ್ನನ್ನೇ ನೋಡ್ತಾ ಕೂತಿತ್ತು, ಏಪ್ರಿಲ್ 30ಕ್ಕೆ ಹಾಕಿದರು.

ಉಪಮುಖ್ಯಮಂತ್ರಿ ಕಥೆ ಇನ್ನೂ ತಮಾಷೆ. ಸಂವಿಧಾನದಲ್ಲಿ ಆ ಹುದ್ದೆಯೇ ಇಲ್ಲ. ಹಾಗಂತ ಅದು ಸಂವಿಧಾನ ವಿರೋಧಿಯೂ ಅಲ್ಲ ಅಂತ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮಲ್ಲಿ ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ, ಸಿದ್ದರಾಮಯ್ಯ, ಯಡಿಯೂರಪ್ಪ ಎಲ್ಲರೂ ಮೊದಲು "ಉಪ" ಆಗಿ ಆಮೇಲೆ ಮುಖ್ಯಮಂತ್ರಿಯಾದವರು. 2023ರ ಮೇ 13ಕ್ಕೆ ಫಲಿತಾಂಶ ಬಂತು. ಸಿದ್ದರಾಮಯ್ಯ ಮುಖ್ಯಮಂತ್ರಿ, ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿ ಅಂತ ಪ್ರಕಟವಾಗೋ ಹೊತ್ತಿಗೆ 18 ಆಗಿತ್ತು. ಆ ಐದು ದಿನ ಎಲ್ಲರೂ ಮಾತಾಡಿದ್ದು ಅದನ್ನೇ, ಬೆರಳಿನ ಶಾಯಿ ಒಣಗಿದ ಮೇಲೆ.

ಅಮೆರಿಕದ್ದೇ ಒಳ್ಳೇದು ಅಂತ ನಾವು ಹೇಳೋದಿಲ್ಲ. ಅಲ್ಲೂ ಜೋಡಿ ಕಟ್ಟೋದು ಒಬ್ಬ ಅಭ್ಯರ್ಥಿ ಮತ್ತು ಅವರ ನಾಲ್ಕು ಜನ ಆಪ್ತರು, ಮತದಾರರಿಗೆ ಉಳಿಯೋದು ಒಪ್ಪೋದು ಅಥವಾ ಬಿಡೋದು. ಆದರೆ ಹೆಸರು ಮೊದಲೇ ಮೇಜಿನ ಮೇಲಿರುತ್ತೆ, ಎರಡು ಮೂರು ತಿಂಗಳು ಅದನ್ನ ತಿರುಗಿಸಿ ಮುರುಗಿಸಿ ನೋಡಬಹುದು. ನಮ್ಮ ಪಂಚಾಯಿತಿಯಲ್ಲೂ ಇದರಲ್ಲಿ ಒಂದು ಭಾಗವನ್ನ ಸುಲಭವಾಗಿ ತರಬಹುದು: ಎರಡೂ ಅವಧಿಯ ಮೀಸಲಾತಿ ಪಟ್ಟಿಯನ್ನ ಸದಸ್ಯರ ಚುನಾವಣೆಗೆ ಮೊದಲೇ ಪ್ರಕಟಿಸೋದು. ಸರದಿ ಹಾಕೋಕೆ ಬೇಕಾದ ಜನಸಂಖ್ಯೆಯ ಅಂಕಿ, ಹಿಂದಿನ ಅವಧಿಗಳ ಪಟ್ಟಿ ಎಲ್ಲಾ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ಇರ್ತವೆ. ಮೂರನೇ ಸೆಮಿಸ್ಟರಿನವರು ಒಂದು ಸಂಜೆ ಕೂತು ಬರೆಯಬಹುದಾದ ಪ್ರೋಗ್ರಾಂ ಅದು.