ಹಿತ್ತಿಲ ಮಡಿಯಲ್ಲಿ ಹಸಿಬಟಾಣಿ

ಬಳ್ಳಿಯಿಂದ ಕಿತ್ತ ಗಳಿಗೆಯಿಂದಲೇ ಬಟಾಣಿಯ ಸಿಹಿ ಇಳಿಯತೊಡಗುತ್ತದೆ. ಕಾಳಿನೊಳಗಿನ ಸಕ್ಕರೆಯು ಪಿಷ್ಟವಾಗಿ ಮಾರ್ಪಡುತ್ತ ಹೋಗುವುದೇ ಇದಕ್ಕೆ ಕಾರಣ. ಬಿಸಿಲಿನಲ್ಲಿ, ಮೂಟೆಯ ಕಾವಿನಲ್ಲಿ ಈ ಕ್ರಿಯೆ ಮತ್ತಷ್ಟು ತ್ವರಿತ. ಮಾರುಕಟ್ಟೆಗೆ ಬಂದ ಕಾಯಿ ಹೊಲದಿಂದ ಹೊರಟು ಒಂದು ದಿನವಾಯಿತೋ ಮೂರು ದಿನವಾಯಿತೋ ಎಂಬುದನ್ನು ಕೊಳ್ಳುವ ಗೃಹಿಣಿ ಅರಿಯಲಾರಳು. ಸುಲಿದು ಮಾರುವ ಕಾಳಿನ ವಿಷಯವಂತೂ ಹೇಳುವಂತಿಲ್ಲ. ಒಣಬಟಾಣಿಯನ್ನು ನೆನೆಯಿಸಿ, ಆಹಾರದಲ್ಲಿ ಬಳಸಕೂಡದ ಮ್ಯಾಲಕೈಟ್ ಗ್ರೀನ್ ಎಂಬ ಬಣ್ಣವನ್ನು ಕೊಟ್ಟು ಹಸಿಕಾಳೆಂದು ಮಾರುವ ವಂಚನೆ ನಮ್ಮ ದೇಶದಲ್ಲಿ ಹೊಸದೇನಲ್ಲ. ಸಂಶಯವಿದ್ದಲ್ಲಿ ಒಂದು ಹಿಡಿ ಕಾಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ ಅರ್ಧ ಗಂಟೆ ಬಿಡಬೇಕು. ನೀರು ಹಸಿರಾದರೆ ಆ ಕಾಳು ಅಡಿಗೆಮನೆಗೆ ಸಲ್ಲದು.

ಮನೆಯ ಹಿಂದೆ ನಾಲ್ಕು ಮಾರು ನೆಲವುಳ್ಳವರು ಬಟಾಣಿಯನ್ನು ತಾವೇ ಬೆಳೆದುಕೊಳ್ಳಲು ಇವೆರಡು ಕಾರಣಗಳು ಸಾಕು. ಹಣ ಉಳಿದೀತೆಂಬ ಆಸೆಯಿಂದ ಮಾತ್ರ ಯಾರೂ ಈ ಕಾರ್ಯಕ್ಕೆ ಕೈಹಾಕಬಾರದು. ನುರಿತ ರೈತರೇ ಹೆಕ್ಟೇರಿಗೆ 8ರಿಂದ 10 ಟನ್ ಕಾಯಿ ಪಡೆಯುತ್ತಾರೆ. ಎಂದರೆ ಎಲ್ಲವೂ ಸರಿಹೋದರೆ ಒಂದು ಚದರ ಮೀಟರ್ ಮಡಿಯಿಂದ ಸುಮಾರು ಒಂದು ಕಿಲೋ ಕಾಯಿ. ಬಿಡಿಸಿದ ಮೇಲೆ ಅರ್ಧ ಕಿಲೋಗೂ ತುಸು ಕಡಿಮೆ ಕಾಳು. ಎರಡು ಹೂಕುಂಡಗಳಲ್ಲಿ ಬಿತ್ತಿ ಮನೆಮಂದಿಗೆಲ್ಲ ಪಲಾವು ಬಡಿಸುವ ಕನಸು ಕಾಣುವುದು ತರವಲ್ಲ.

ಬಟಾಣಿ ಚಳಿಯ ಕೂಸು. ಹಗಲಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಹೂ ಉದುರುತ್ತದೆ, ನಿಂತ ಕಾಯಿಯಲ್ಲಿಯೂ ಕಾಳು ತುಂಬುವುದಿಲ್ಲ. ಆದುದರಿಂದ ಬೆಂಗಳೂರು, ಕೋಲಾರ, ಹಾಸನ, ಚಿಕ್ಕಮಗಳೂರುಗಳಂತಹ ಎತ್ತರದ ಸೀಮೆಯವರಿಗೆ ಇದು ಒಗ್ಗುವ ಬೆಳೆ. ಕರಾವಳಿಯ ಬಾಂಧವರು ಇದಕ್ಕಾಗಿ ಶ್ರಮಪಡದೆ ತಮ್ಮ ಅಲಸಂಡೆಯನ್ನೇ ನೆಚ್ಚಿಕೊಳ್ಳುವುದು ಮೇಲು. ಅಕ್ಟೋಬರ್ ತಿಂಗಳ ಮೂರನೆಯ ವಾರದಲ್ಲಿ ಬಿತ್ತಿದರೆ, ಬೇಗ ಫಲಕೊಡುವ ತಳಿಗಳು 55ರಿಂದ 60 ದಿನಗಳಲ್ಲಿ ಮೊದಲ ಕೊಯ್ಲಿಗೆ ಬಂದು, ಕ್ರಿಸ್ತಜಯಂತಿಯ ಅಡಿಗೆಗೆ ಸರಿಯಾಗಿ ಒದಗುತ್ತವೆ. ಅದೇ ಹೊತ್ತಿಗೆ ಹಳೆ ಮೈಸೂರಿನಲ್ಲೆಲ್ಲ ಸೊಗಡವರೆಯ ಕಾಲ ಎಂಬುದೂ ನಿಜ. ಅವರೆಯ ಮುಂದೆ ಬಟಾಣಿ ಯಾವ ಲೆಕ್ಕವೆಂದು ವಾದಿಸುವವರೊಡನೆ ಈ ಲೇಖಕನಿಗೆ ಜಗಳವಿಲ್ಲ.

ಬೀಜದ ಆಯ್ಕೆಯಲ್ಲಿ ಅನೇಕರು ಎಡವುತ್ತಾರೆ. ದಿನಸಿ ಅಂಗಡಿಯ ಒಣಬಟಾಣಿಯನ್ನೇ ತಂದು ಬಿತ್ತಿದರೆ ಗಿಡವೇನೋ ಹುಟ್ಟುತ್ತದೆ, ಕಾಯಿಯೂ ಬಿಡುತ್ತದೆ. ಆದರೆ ಕಾಳು ಹಿಟ್ಟುಹಿಟ್ಟಾಗಿರುತ್ತದೆ. ಹಸಿಯಾಗಿ ತಿನ್ನುವ ಸಿಹಿಬಟಾಣಿಯ ಬೀಜ ಒಣಗಿದಾಗ ಸುಕ್ಕುಗಟ್ಟಿರಬೇಕು. ಗುಂಡಗೆ ನುಣುಪಾಗಿರುವುದು ಬೇಳೆಗೂ ಉಸಲಿಗೂ ಸಲ್ಲುವಂತಹುದು.

ಈ ಸುಕ್ಕಿನ ಹಿಂದೆ ದೊಡ್ಡದೊಂದು ಚರಿತ್ರೆಯಿದೆ. ಇಂದಿನ ಚೆಕ್ ಗಣರಾಜ್ಯದಲ್ಲಿರುವ ಬ್ರುನೊ ನಗರದ ಸಂತ ತೋಮಾಸರ ಮಠವನ್ನು 1843ರಲ್ಲಿ ಸೇರಿದ ರೈತನ ಮಗನೊಬ್ಬ ಅಗಸ್ಟೀನ್ ಸಭೆಯ ಸನ್ಯಾಸಿಯಾಗಿ ಗ್ರೆಗೊರ್ ಎಂಬ ಹೆಸರನ್ನು ತಾಳಿದನು. ಆತನೇ ಗ್ರೆಗೊರ್ ಮೆಂಡೆಲ್. ಉಪಾಧ್ಯಾಯ ವೃತ್ತಿಯ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗದ ಈ ಗುರುಗಳು 1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿ ಬೆಳೆದರು. ಬೆಳೆದುದು ಊಟಕ್ಕಲ್ಲ, ಎಣಿಕೆಗೆ. ಬಟಾಣಿಯ ಹೂವಿನಲ್ಲಿ ಕೇಸರವೂ ಶಲಾಕೆಯೂ ದೋಣಿಯಾಕಾರದ ದಳದೊಳಗೆ ಮುಚ್ಚಿಕೊಂಡಿದ್ದು, ಹೂ ಅರಳುವ ಮೊದಲೇ ಸ್ವಕೀಯ ಪರಾಗಸ್ಪರ್ಶ ನಡೆದುಹೋಗುತ್ತದೆ. ಆದ್ದರಿಂದ ತಳಿ ಕಲಬೆರಕೆಯಾಗುವುದಿಲ್ಲ. ಬೇರೆ ತಳಿಯೊಡನೆ ಕೂಡಿಸಬೇಕಾದರೆ ಮೊಗ್ಗಿನಲ್ಲಿಯೇ ಕೇಸರಗಳನ್ನು ಚಿಮುಟದಿಂದ ತೆಗೆದು, ಇನ್ನೊಂದು ಗಿಡದ ಪರಾಗವನ್ನು ಕೈಯಾರೆ ಲೇಪಿಸಬೇಕು. ಸುಮಾರು 28 ಸಾವಿರ ಗಿಡಗಳೊಡನೆ ಅವರು ಇಂತಹ ತಾಳ್ಮೆಯಿಂದ ದುಡಿದರು.

ಗುಂಡು ಬೀಜದ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಸಂಕರ ಮಾಡಿದಾಗ ಮೊದಲ ಪೀಳಿಗೆಯ ಬೀಜಗಳೆಲ್ಲ ಗುಂಡಾದವು. ಸುಕ್ಕು ಅಳಿದೇಹೋಯಿತೆನ್ನುವಷ್ಟರಲ್ಲಿ ಎರಡನೆಯ ಪೀಳಿಗೆಯಲ್ಲಿ ಅದು ಮರಳಿ ಕಾಣಿಸಿತು. 7,324 ಬೀಜಗಳಲ್ಲಿ 5,474 ಗುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಅನುವಂಶೀಯತೆಯ ನಿಯಮ ಹೊರಬಿದ್ದುದು ಇಂತಹ ಲೆಕ್ಕಗಳಿಂದ. 1865ರಲ್ಲಿ ಬ್ರುನೊದ ವಿಜ್ಞಾನ ಸಂಘದ ಮುಂದೆ ಓದಿದ ಆ ಪ್ರಬಂಧ ಮರುವರ್ಷ ಅಚ್ಚಾಯಿತಾದರೂ ಅದರ ಬೆಲೆಯನ್ನು ಅರಿತವರಿರಲಿಲ್ಲ. 1868ರಲ್ಲಿ ಮೆಂಡೆಲರು ಮಠಾಧಿಪತಿಗಳಾದರು. 1884ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನ, ತೀರಿಕೊಂಡರು. ಲೋಕ ಅವರ ಕಾರ್ಯವನ್ನು ಗುರುತಿಸಿದ್ದು 1900ರಲ್ಲಿ.

ಸುಕ್ಕಿಗೂ ಸಿಹಿಗೂ ಇರುವ ನಂಟನ್ನು ಇಂಗ್ಲೆಂಡಿನ ವಿಜ್ಞಾನಿಗಳು 1990ರಲ್ಲಿ ಬಿಡಿಸಿ ತೋರಿಸಿದರು. ಸುಕ್ಕು ಬೀಜದಲ್ಲಿ ಪಿಷ್ಟವನ್ನು ಕವಲೊಡೆಯಿಸಿ ಕಟ್ಟುವ ಕಿಣ್ವವೊಂದರ ಜೀನು ಕೆಟ್ಟಿರುತ್ತದೆ. ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ. ಸಕ್ಕರೆಯು ನೀರನ್ನು ಸೆಳೆದು ಎಳೆಗಾಳು ಉಬ್ಬುತ್ತದೆ. ಒಣಗಿದಾಗ ನೀರು ಆರಿ ಸಿಪ್ಪೆ ಮುದುಡುತ್ತದೆ. ಮೆಂಡೆಲರು ಎಣಿಸಿದ ಸುಕ್ಕೇ ನಮ್ಮ ನಾಲಿಗೆಯ ಸಿಹಿ.

ನಮ್ಮಲ್ಲಿ ಹೆಸರಾದ ಸುಕ್ಕು ಬೀಜದ ತಳಿ ಅರ್ಕೆಲ್. ಗಿಡ್ಡ ಗಿಡ, ಬೇಗ ಕಾಯಿ; ಆದರೆ ಬೂದಿರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ಅರ್ಕಾ ಅಜಿತ್ ತಳಿಯು ಬೂದಿರೋಗವನ್ನೂ ತುಕ್ಕುರೋಗವನ್ನೂ ತಡೆದುಕೊಳ್ಳುತ್ತದೆ. ಹಬ್ಬಕ್ಕೆ ಒದಗದಿದ್ದರೂ ನೆಮ್ಮದಿ ಕೊಡುವ ತಳಿ. ಪೊಟ್ಟಣದ ಬೀಜಕ್ಕೆ ಕೆಂಪು ಅಥವಾ ಬೇರೆ ಬಣ್ಣ ಲೇಪಿಸಿದ್ದರೆ ಅದು ಶಿಲೀಂಧ್ರನಾಶಕವೆಂದೇ ತಿಳಿದು ಮಕ್ಕಳ ಕೈಗೆ ಸಿಗದಂತೆ ಇರಿಸಬೇಕು, ಉಳಿದ ಬೀಜವನ್ನು ಎಂದಿಗೂ ಬೇಯಿಸಕೂಡದು. ಇನ್ನೊಂದು ಮಾತು. ಸುವಾಸನೆಯ ಹೂವಿಗಾಗಿ ಬೆಳೆಸುವ ಸ್ವೀಟ್ ಪೀ ಹೆಸರಿನಲ್ಲಿ ಮಾತ್ರ ಬಟಾಣಿ. ಅದರ ಕಾಳು ವಿಷಕಾರಿ. ಎರಡನ್ನೂ ಒಂದೇ ಬೇಲಿಗೆ ಹಬ್ಬಿಸಬಾರದು.

ಹಿಂಗಾರು ಮಳೆಯ ನೀರು ನಿಂತರೆ ಬೀಜ ಕೊಳೆಯುತ್ತದೆಯಾದ್ದರಿಂದ ಏರುಮಡಿ ಅಗತ್ಯ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಒಂದಡಿ ಅಂತರದ ಸಾಲುಗಳಲ್ಲಿ, ಒಂದಂಗುಲ ಆಳಕ್ಕೆ, ಮೂರು ನಾಲ್ಕು ಅಂಗುಲಕ್ಕೊಂದರಂತೆ ಬೀಜ ಊರಬೇಕು. ಲೇಪವಿಲ್ಲದ ಬೀಜವಾದರೆ ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಜೀವಾಣು ಗೊಬ್ಬರವನ್ನು ಸವರಿ ನೆರಳಿನಲ್ಲಿ ಆರಿಸಿ ಬಿತ್ತಿದರೆ ಬೇರುಗಳಲ್ಲಿ ಗಂಟುಗಳು ಹೇರಳವಾಗಿ ಮೂಡುತ್ತವೆ. ಆ ಗಂಟುಗಳೇ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಯೂರಿಯಾ ಸುರಿಯುವುದು ವ್ಯರ್ಥ. ಸುರಿದವರಿಗೆ ಸೊಂಪಾದ ಎಲೆ ದೊರೆತೀತು, ಕಾಯಲ್ಲ.

ಒಂದು ವಾರದಲ್ಲಿ ಮೊಳಕೆ ಕಾಣಿಸಿದೊಡನೆ ಹಕ್ಕಿಗಳೂ ಅಳಿಲುಗಳೂ ಬರುತ್ತವೆ. ಹಳೆಯ ಸೊಳ್ಳೆಪರದೆಯ ಹೊದಿಕೆ ಸಾಕು. ಗಿಡ ಗೇಣುದ್ದವಾದಾಗ ಕವಲು ಕಡ್ಡಿಗಳನ್ನು ನೆಟ್ಟರೆ ಕುಡಿಗಳು ತಾವೇ ಹಿಡಿದುಕೊಳ್ಳುತ್ತವೆ. ಹೂ ಬಿಡುವಾಗಲೂ ಕಾಳು ಕಟ್ಟುವಾಗಲೂ ನೀರು ತಪ್ಪಬಾರದು. ಸಸ್ಯಹೇನು ಕಂಡರೆ ನೀರನ್ನು ರಭಸದಿಂದ ಚಿಮುಕಿಸಿ ತೊಳೆದು, ತೀರದಿದ್ದರೆ ಬೇವಿನೆಣ್ಣೆಯ ದ್ರಾವಣ ಸಿಂಪಡಿಸಬಹುದು.

ಕೊಯ್ಲಿನ ಹದ ಕಣ್ಣಿಗೂ ಬೆರಳಿಗೂ ತಿಳಿಯಬೇಕಾದುದು. ಕಾಯಿ ತುಂಬಿ ದುಂಡಾಗಿರಬೇಕು, ಆದರೂ ಹೊಳಪು ಮಾಸಿರಬಾರದು. ಸಿಪ್ಪೆಯ ಮೇಲೆ ನರಗಳು ಬಲೆಯಂತೆ ಎದ್ದು ಬಣ್ಣ ಪೇಲವವಾದರೆ ಹದ ಮೀರಿತೆಂದೇ ಅರ್ಥ. ಎರಡು ಮೂರು ದಿನಕ್ಕೊಮ್ಮೆ, ತಂಪು ಹೊತ್ತಿನಲ್ಲಿ, ಒಂದು ಕೈಯಲ್ಲಿ ಬಳ್ಳಿಯನ್ನು ಹಿಡಿದು ಇನ್ನೊಂದರಿಂದ ಕೀಳಬೇಕು. ಎಳೆದರೆ ಬಳ್ಳಿ ಬೇರುಸಮೇತ ಬರುತ್ತದೆ. ಬಲಿತ ಕಾಯಿಯನ್ನು ಗಿಡದಲ್ಲಿಯೇ ಬಿಟ್ಟರೆ ಹೊಸ ಹೂ ನಿಂತುಹೋಗುತ್ತದೆ. ಹಬ್ಬದ ಮುನ್ನಾದಿನವೇ ಸುಲಿದಿಡುವ ಆತುರ ಬೇಡ, ಒಲೆ ಹೊತ್ತಿಸುವ ವೇಳೆಗೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಸುಲಿಯುವುದೇ ಸರಿ. ಅರ್ಧ ಪಾಲು ಅವರ ಬಾಯಿಗೆ ಹೋಗುವುದಾದರೂ ಚಿಂತೆಯಿಲ್ಲ. ಹೆಚ್ಚಾದ ಕಾಳನ್ನು ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿನಲ್ಲಿ ಆರಿಸಿ, ನೀರು ಸೋರಿಸಿ ಫ್ರೀಜರಿನಲ್ಲಿ ಇರಿಸಿದರೆ ತಿಂಗಳುಗಟ್ಟಲೆ ಕೆಡದು.

ಬೆಳೆ ಮುಗಿದ ಮೇಲೆ ಗಿಡವನ್ನು ಕೀಳದೆ ನೆಲಮಟ್ಟಕ್ಕೆ ಕತ್ತರಿಸಿ ಬೇರನ್ನು ಮಣ್ಣಿನಲ್ಲಿಯೇ ಬಿಟ್ಟರೆ ಮುಂದೆ ಬಿತ್ತುವ ದಂಟು, ಮೆಂತ್ಯಗಳಿಗೆ ಅದರ ಸಾರ ದಕ್ಕುತ್ತದೆ. ರೋಗವಿಲ್ಲದ ಮೂರು ನಾಲ್ಕು ಗಿಡಗಳನ್ನು ಬೀಜಕ್ಕೆಂದು ಮೊದಲೇ ಗುರುತುಮಾಡಿ, ಕಾಯಿ ಒಣಗಿ ಅಲುಗಿಸಿದಾಗ ಸದ್ದಾಗುವವರೆಗೂ ಮುಟ್ಟದೆ ಬಿಡಬೇಕು. ಬಿಡಿಸಿದ ಬೀಜವನ್ನು ಚೆನ್ನಾಗಿ ಒಣಗಿಸಿ, ಕಾಳುಹುಳು ಮುಟ್ಟದಂತೆ ಬೂದಿ ಬೆರೆಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ತುಂಬಿ, ಮೇಲೆ ತಳಿಯ ಹೆಸರನ್ನೂ ವರ್ಷವನ್ನೂ ಬರೆದಿಡುವುದು ಒಳಿತು.